ಪದ ಪರಿಚಯ: ನಿಯಂತ್ರಣ ಗುಂಪು

ನಿಯಂತ್ರಣ ಎಂದೊಡನೆ ನೆನಪಾಗುವುದು ಬೆಲೆ, ಸಂಚಾರ, ಜನಸಂದಣಿ. ಸಂಸ್ಕೃತದಿಂದ ಬಂದ ಈ ಪದದೊಳಗೆ ‘ಯಂತ್ರ’ವಿದೆ, ಅದರ ಬೇರು ‘ಯಮ್’ ಧಾತು. ಹಿಡಿ, ತಡೆ ಎಂಬುದು ಅದರ ಅರ್ಥ. ನಿಯಮ, ಸಂಯಮಗಳೂ ಅಲ್ಲಿಂದಲೇ ಹುಟ್ಟಿದವು. ಸೋಜಿಗವೆಂದರೆ ವ್ಯಾಯಾಮದ ಮೂಲವೂ ಅದೇ: ‘ವಿ’, ‘ಆ’ ಉಪಸರ್ಗಗಳು ಸೇರಿದಾಗ ಹಿಡಿತ ಸಡಿಲಿ, ಚಾಚುವ ಅರ್ಥ ಬಂತು.

ವಿಜ್ಞಾನದಲ್ಲಿ ನಿಯಂತ್ರಣ, ವ್ಯಾಯಾಮ ಎಂಬ ಈ ಎರಡು ಪದಗಳು ಮತ್ತೆ ಒಂದೆಡೆ ಸೇರುತ್ತವೆ. ಅಮೆರಿಕದ ಜಾರ್ಜಿಯಾ ರಾಜ್ಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ತೂಕದ 222 ಮಕ್ಕಳನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಿಗೆ ಹಂಚಲಾಗಿತ್ತು. ಶಾಲೆ ಬಿಟ್ಟ ಮೇಲೆ ವಾರಕ್ಕೆ 5 ದಿನ ಒಂದು ಗುಂಪಿಗೆ 20 ನಿಮಿಷ, ಇನ್ನೊಂದಕ್ಕೆ 40 ನಿಮಿಷ ವ್ಯಾಯಾಮ. ಮೂರನೆಯದಕ್ಕೆ ಎಂದಿನ ದಿನಚರಿ. ಸುಮಾರು 13 ವಾರಗಳ ಬಳಿಕ ವ್ಯಾಯಾಮ ಮಾಡಿದವರಲ್ಲಿ ಇನ್ಸುಲಿನ್ ಪ್ರತಿರೋಧ, ಅಂದರೆ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವಿಕೆ, ತಗ್ಗಿತ್ತು.

ಆ ಮೂರನೆಯದೇ ನಿಯಂತ್ರಣ ಗುಂಪು.

ಹೆಸರು ಕೇಳಿ, ಆ ಮಕ್ಕಳನ್ನು ಕಟ್ಟಿಹಾಕಿದ್ದರೆಂದು ಭಾವಿಸಬೇಕಿಲ್ಲ. ಬೆಳವಣಿಗೆ, ಋತುಮಾನಗಳು ತರುವ ಬದಲಾವಣೆ ವ್ಯಾಯಾಮದ ಖಾತೆಗೆ ಸೇರದಂತೆ ತಡೆಯುವುದಷ್ಟೇ ಈ ಗುಂಪಿನ ಕೆಲಸ. ಸಾಮಾನ್ಯ ಓದುಗರಿಗೆ ‘ಹೋಲಿಕೆ ಗುಂಪು’ ಎಂದರೆ ಹೆಚ್ಚು ಸಲೀಸು. ಪತ್ರಿಕೆಗಳು ಅದನ್ನು ಧಾರಾಳವಾಗಿ ಬಳಸಬಹುದು.