ಕುಮಟಗಿ: ಚಿತ್ರ ಕಂಡವರು, ನೀರು ಮರೆತವರು

ಪ್ರವಾಸಿ ಬರಹಗಳಲ್ಲಿ ಕುಮಟಗಿ ಈಗ ‘ಆದಿಲಶಾಹಿಗಳ ಸ್ಪಾ’ ಆಗಿಬಿಟ್ಟಿದೆ. ಜರ್ಮನಿಯ ಬಾಡೆನ್-ಬಾಡೆನ್‌ನಂಥ ಊರುಗಳು ಬೆಳೆದದ್ದು ನೆಲದಿಂದ ತಾನಾಗಿ ಉಕ್ಕುವ ಬಿಸಿನೀರಿನ ಸುತ್ತ. ವಿಜಯಪುರದ ಪೂರ್ವಕ್ಕೆ, ಸಿಂದಗಿ ಹಾದಿಯ ಕುಮಟಗಿಯಲ್ಲಿ ತಾನಾಗಿ ಬಂದ ನೀರೇ ಇಲ್ಲ. ಮಳೆನೀರನ್ನು ಕೆರೆಯಲ್ಲಿ ಹಿಡಿದಿಟ್ಟು, ಗೋಪುರಕ್ಕೆ ಏರಿಸಿ, ಕೊಳವೆಯಲ್ಲಿ ಹರಿಸಿ, ಹೊಂಡದ ನಡುವಿನ ಎರಡಂತಸ್ತಿನ ಮಂಟಪದ ಚಾವಣಿಯಿಂದ ತುಂತುರಾಗಿ ಇಳಿಸಿದರು. ಬರದ ಸೀಮೆಯಲ್ಲಿ ಅರಸರು ಬೇಸಿಗೆ ಕಳೆದ ಬಗೆ ಅದು. ಹಿಂದಿನ ಬರಹಗಾರರಾದರೂ ಇದನ್ನು ನೆಟ್ಟಗೆ ನೋಡಿದರೇ?

ಫರ್ಗುಸನ್ ಮತ್ತು ಮೆಡೋಸ್ ಟೇಲರ್ ಅವರ 1866ರ ಹೊತ್ತಿಗೆಯಲ್ಲಿ ಕಟ್ಟಡಗಳದೇ ದರ್ಬಾರು. 1884ರ ಗ್ಯಾಜೆಟಿಯರ್ ಎಲ್ಲವನ್ನೂ ಪಟ್ಟಿ ಮಾಡಿತು. ಹೆನ್ರಿ ಕಸಿನ್ಸ್ 1916ರಲ್ಲಿ ಕುಮಟಗಿಯ ಮಂಟಪವನ್ನೂ ಗೋಡೆಯ ಮೇಲಿನ ಚೌಗಾನ್ ಆಟ, ಕುಸ್ತಿಯ ಚಿತ್ರಗಳನ್ನೂ ಬಣ್ಣಿಸಿದ. ಅಲ್ಲಿಂದ ಮುಂದೆ ಬಹಳ ಕಾಲ ಎಲ್ಲರೂ ಕಸಿನ್ಸನನ್ನೇ ನಕಲು ಮಾಡಿದರು, ಕೆಲವರು ಅವನ ಹೆಸರನ್ನೂ ಹೇಳದೆ.

ನಮ್ಮ ತಲೆಮಾರಿಗೆ ಕಣ್ಣು ತೆರೆಸಿದ್ದು ಕ್ಲಾಸ್ ರೋಟ್ಜರ್. 1984ರಲ್ಲಿ ಫ್ರೆಂಚಿನಲ್ಲಿ ಪ್ರಕಟವಾದ ಅವರ ದೀರ್ಘ ಲೇಖನ ವಿಜಯಪುರವನ್ನು ಗುಮ್ಮಟದಿಂದಲ್ಲ, ನೀರಿನಿಂದ ಓದಿತು. ತಿಕೋಟಾದಿಂದ ನಗರಕ್ಕೆ ಬರುವವರು ದಿನವೂ ದಾಟುವ ತೊರವಿಯ ನೆಲದಡಿ ಸುರಂಗವಿದೆ; 1651ರ ಬೇಗಂ ತಲಾಬಿನಿಂದ ಊರೊಳಗೆ ಕೊಳವೆ ಬಂದಿದೆ; ನಡುನಡುವೆ ನಿಂತ ಗಂಜ್ ಎಂಬ ನೀರಿನ ಗೋಪುರಗಳು ಒತ್ತಡ ತಗ್ಗಿಸಿ ಹೂಳನ್ನು ತಳಕ್ಕಿಳಿಸುತ್ತಿದ್ದವು. ಇವನ್ನೆಲ್ಲ ಒಂದೇ ವ್ಯವಸ್ಥೆಯ ಅಂಗಗಳೆಂದು ನೋಡುವವರದೇ ನಿಜವಾದ ಪಂಥ ಎಂಬುದು ನನ್ನ ಪಕ್ಷಪಾತ. ಈ ಬಗೆಯ ಓದಿಗೆ ಕಾಲ್ನಡಿಗೆ ಬೇಕು, ಬಾವಿಗಿಳಿಯುವ ಧೈರ್ಯವೂ ಬೇಕು, ಗ್ರಂಥಾಲಯವೊಂದೇ ಸಾಲದು. ಕನ್ನಡದಲ್ಲಿ ಕೃಷ್ಣ ಕೊಲ್ಹಾರ ಕುಲಕರ್ಣಿಯವರ ದುಡಿಮೆ, ಹಳಕಟ್ಟಿ ಸಂಶೋಧನ ಕೇಂದ್ರ ಹೊರತಂದ ಆದಿಲಶಾಹಿ ಸಾಹಿತ್ಯದ ಅನುವಾದಗಳು ಫಾರಸಿ ಬಾರದ ನಮ್ಮಂಥವರಿಗೂ ಬಾಗಿಲು ತೆರೆದವು. ಡೆಬೊರಾ ಹಟನ್ ಅವರ 2006ರ ಪುಸ್ತಕ ಆಸ್ಥಾನದ ಕಲೆಯ ಬಗ್ಗೆ ಸೊಗಸಾಗಿದೆ. ಕಲಾ ಇತಿಹಾಸಕಾರರಿಗೆ ಚಿತ್ರದ ಹಿಂದಿನ ಕೊಳವೆ ಕಾಣಬೇಕೆಂದು ಹಟ ಹಿಡಿಯುವಂತಿಲ್ಲ.

ತಾಜ್ ಬಾವಡಿಯ ಹೂಳು ತೆಗೆದದ್ದು, ತೊರವಿಯ ಸುರಂಗ ಬಾವಡಿ 2020ರ ವಿಶ್ವ ಸ್ಮಾರಕ ನಿಗಾ ಪಟ್ಟಿ ಸೇರಿದ್ದು ನಗರದ ನೀರಿಗೆ ಸಂದ ಮರ್ಯಾದೆ. ಕುಮಟಗಿ ಈ ಮೆರವಣಿಗೆಯ ಹೊರಗೇ ಉಳಿಯಿತು. ಅದರ ಬಗ್ಗೆ ಬರೆಯುವವರು ಇಂದಿಗೂ ಗೋಡೆಯಿಂದ ಆರಂಭಿಸಿ ಗೋಡೆಯಲ್ಲೇ ಮುಗಿಸುತ್ತಾರೆ. ಗೋಪುರಕ್ಕೆ ನೀರು ಏರಿಸಿದ ಕೈಗಳು ಯಾರವು, ಕಟ್ಟಿಕೊಂಡ ಕೊಳವೆ ತೆರವು ಮಾಡುತ್ತಿದ್ದವರು ಯಾರು, ಮಳೆ ಕೈಕೊಟ್ಟ ವರ್ಷ ಕೆರೆಯ ನೀರು ಹೊಲಕ್ಕೆ ಹೋಯಿತೋ ಅರಸನ ತುಂತುರಿಗೋ ಎಂದು ಯಾವ ಪುಸ್ತಕವೂ ಕೇಳುವುದಿಲ್ಲ. ಎಲ್ಲಕ್ಕೂ ಉತ್ತರ ಸಿಗಲಾರದು. ಆದರೆ ಕೆರೆ ಏರಿಯಿಂದ ಗೋಪುರಕ್ಕೆ, ಗೋಪುರದಿಂದ ಮಂಟಪಕ್ಕೆ ನೆಲಮಟ್ಟ ಎಷ್ಟೆಷ್ಟು ಇಳಿಯುತ್ತದೆಂದು ಅಳೆಯಲು ಫಾರಸಿ ಬೇಕಿಲ್ಲ. ವಿಜಯಪುರದಲ್ಲೇ ಎಂಜಿನಿಯರಿಂಗ್ ಕಾಲೇಜುಗಳಿವೆ. ಅದಕ್ಕೆ ಬೇಕಾದ ಉಪಕರಣ ಅವುಗಳ ಸರ್ವೆ ಪ್ರಯೋಗಾಲಯದಲ್ಲೇ ಇರುತ್ತದೆ.