ಕಲ್ಲಿನ ನಾಡಿನಲ್ಲಿ ಮನೆಯ ಮಾತು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಗೃಹಸ್ಥನ ಶಕ್ತಿ ಸಾಮರ್ಥ್ಯಗಳೆರಡೂ ಈ ಎರಡು ಕಾರ್ಯಗಳಲ್ಲಿ ಪರೀಕ್ಷೆಗೆ ಒಳಗಾಗುತ್ತವೆ ಎಂಬುದು ಅದರ ತಾತ್ಪರ್ಯ. 2020ನೆಯ ಇಸವಿಯ ವಸಂತದಲ್ಲಿ ಈ ಎರಡೂ ಕಾರ್ಯಗಳು ಏಕಕಾಲಕ್ಕೆ ನಿಂತುಹೋದವು. ಮದುವೆ ನಿಂತರೆ ಒಂದೆರಡು ಕುಟುಂಬಗಳಿಗೆ ಚಿಂತೆ. ಮನೆ ಕಟ್ಟುವುದು ನಿಂತರೆ ಎಷ್ಟು ಒಲೆಗಳು ಆರುತ್ತವೆ ಎಂಬುದನ್ನು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಜನ ಕಣ್ಣಾರೆ ಕಂಡರು. ಆ ಕಥೆಯನ್ನು ಇತಿಹಾಸದ ಬೆಳಕಿನಲ್ಲಿ ಹೇಳುವುದು ಈ ಲೇಖನದ ಉದ್ದೇಶ.

ಈ ಸೀಮೆ ಮೊದಲಿನಿಂದಲೂ ಕಲ್ಲಿನ ಸೀಮೆ. ಭೀಮಾನದಿಯ ತೀರದ ಸನ್ನತಿಯಲ್ಲಿ, ಅದರ ನೆರೆಯ ಕನಗನಹಳ್ಳಿಯಲ್ಲಿ ದೊರೆತ ಬೌದ್ಧ ಸ್ತೂಪದ ಫಲಕಗಳು ಇಲ್ಲಿನ ಸುಣ್ಣಕಲ್ಲಿನವೇ. ಅಶೋಕ ಚಕ್ರವರ್ತಿಯ ಹೆಸರನ್ನು ಕೊರೆದ ಚಿತ್ರಫಲಕವೂ ಅವುಗಳಲ್ಲಿ ಒಂದು. ಕಾಗಿಣಾ ನದಿಯ ದಡದ ಮಳಖೇಡವು ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ; ಕವಿರಾಜಮಾರ್ಗವು ನೃಪತುಂಗನ ಆಸ್ಥಾನದ ಕೃತಿ. 1871ರ ಸುಮಾರಿಗೆ ಮುಂಬಯಿಯಿಂದ ರಾಯಚೂರಿನವರೆಗೆ ರೈಲುಮಾರ್ಗ ತೆರೆಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ಅಂದಿನಿಂದ ಇಲ್ಲಿನ ಕಲ್ಲಿಗೆ ಕಾಲು ಬಂದಂತಾಯಿತು. ನೆಲದೊಳಗೆ ಪದರು ಪದರಾಗಿ ಮಲಗಿರುವ ಫರಸಿಯನ್ನು ಉಳಿಯಿಂದ ಎಬ್ಬಿಸಿ, ಅಂಚು ಕತ್ತರಿಸಿ, ಪಾಲಿಶ್ ಮಾಡಿ ದೂರದೂರಿಗೆ ಕಳಿಸಿದರು. 'ಶಹಾಬಾದ್ ಕಲ್ಲು' ಎಂಬ ಹೆಸರು ನೆಲಗಟ್ಟಿಗೆ ಪರ್ಯಾಯಪದವಾಯಿತು. ಅದೇ ಸುಣ್ಣಕಲ್ಲನ್ನು ಸುಟ್ಟು ಸಿಮೆಂಟು ಮಾಡುವ ಕಾರ್ಖಾನೆಗಳು ಶಹಾಬಾದಿನಲ್ಲಿ ಮೊದಲು, ಬಳಿಕ ವಾಡಿ, ಮಳಖೇಡ, ಸೇಡಂಗಳಲ್ಲಿ, ಮುಂದೆ ಚಿತ್ತಾಪುರ, ಚಿಂಚೋಳಿ ತಾಲೂಕುಗಳಲ್ಲಿಯೂ ಎದ್ದವು. ಹೀಗೆ ನಾಡಿನ ಅನೇಕ ಮನೆಗಳಿಗೆ ನೆಲವನ್ನೂ ಗೋಡೆಯನ್ನೂ ಒದಗಿಸಿದ್ದು ಈ ಬಿಸಿಲುಸೀಮೆ.

ಇನ್ನು ಸಾಂಕ್ರಾಮಿಕ ರೋಗದ ಮಾತು. ರೋಗಕ್ಕೂ ಮನೆಗೂ ಸಂಬಂಧವಿದೆ ಎಂಬುದು ಕರ್ನಾಟಕಕ್ಕೆ ಹೊಸ ಪಾಠವಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಾದ ಓಣಿಗಳ ದೋಷ ಎಲ್ಲರಿಗೂ ತಿಳಿಯಿತು. ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳು ಅಗಲ ಬೀದಿಗಳೊಡನೆ ಬೆಳೆಯಲು ಆ ಭಯವೇ ಒತ್ತಾಸೆಯಾಯಿತು. ಹಳ್ಳಿಗಳಲ್ಲಿ ಇಲಿ ಬಿದ್ದಿತೆಂದರೆ ಜನ ಊರು ತೊರೆದು ಹೊಲಗಳಲ್ಲಿ ಜೋಪಡಿ ಹಾಕಿಕೊಳ್ಳುತ್ತಿದ್ದರು. ಪ್ಲೇಗು 'ಮನೆ ಬಿಡು' ಎಂದಿತು. ನೂರಿಪ್ಪತ್ತೆರಡು ವರ್ಷಗಳ ತರುವಾಯ ಬಂದ ಕೊರೋನಾ 'ಮನೆಯಲ್ಲೇ ಇರು' ಎಂದಿತು. ಎರಡನೆಯ ಅಪ್ಪಣೆ ಸುಲಭವೆಂದು ತೋರುತ್ತದೆ. ಆದರೆ ಅದನ್ನು ಪಾಲಿಸಲು ಮೊದಲು ಒಂದು ಮನೆ ಬೇಕು.

ಭಾರತದಲ್ಲಿ ಈ ರೋಗದಿಂದಾದ ಮೊದಲ ಮರಣ ನಮ್ಮ ಕಲಬುರಗಿಯದು. 2020ರ ಮಾರ್ಚ್ 10ರಂದು ಹಿರಿಯರೊಬ್ಬರು ತೀರಿಕೊಂಡರು. ಕಾರಣ ಕೊರೋನಾ ಎಂಬುದು 12ರಂದು ಖಚಿತವಾಯಿತು. ದೇಶವೆಲ್ಲ ಬಾಗಿಲು ಹಾಕುವ ಮೊದಲೇ ನಮ್ಮ ಜಿಲ್ಲೆಯಲ್ಲಿ ಭಯ ಹರಡಿತ್ತು. ಮಾರ್ಚ್ 25ರಿಂದ ಮೇ 31ರವರೆಗೆ ನಾಲ್ಕು ಕಂತುಗಳಲ್ಲಿ ದೇಶವ್ಯಾಪಿ ದಿಗ್ಬಂಧನ ನಡೆಯಿತು. ಹಗಲು ರಾತ್ರಿ ಎನ್ನದೆ ಪ್ರಯಾಣಿಕರ ಗಾಡಿಗಳು ಬಂದುಹೋಗುತ್ತಿದ್ದ ವಾಡಿ ಜಂಕ್ಷನ್ನು ಮೌನವಾಯಿತು.

ಏಪ್ರಿಲ್ ತಿಂಗಳಲ್ಲಿ ದೇಶದ ಸಿಮೆಂಟು ಉತ್ಪಾದನೆ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇಕಡಾ 85ರಷ್ಟು ಕುಸಿಯಿತು. ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಒಟ್ಟು ಉತ್ಪನ್ನ ಶೇಕಡಾ 23.9ರಷ್ಟು ತಗ್ಗಿತೆಂದು ಮೊದಲ ಅಂದಾಜು ಹೇಳಿತು. ಅದರಲ್ಲಿ ಕಟ್ಟಡ ನಿರ್ಮಾಣದ ಭಾಗ ಶೇಕಡಾ 50.3ರಷ್ಟು ಇಳಿದಿತ್ತು. ಬೇಸಾಯ ಮಾತ್ರ ಶೇಕಡಾ 3.4ರಷ್ಟು ಏರಿತ್ತು. ಈ ಅಂಕಿಗಳು ನಮ್ಮ ಸೀಮೆಯಲ್ಲಿ ಹೇಗೆ ಕಂಡವೆಂದರೆ, ತೊಗರಿ ಬೆಳೆದವನ ಮನೆಯಲ್ಲಿ ಚೀಲವಿತ್ತು, ಕಲ್ಲು ಒಡೆಯುವವನ ಮನೆಯಲ್ಲಿ ಏನೂ ಇರಲಿಲ್ಲ. ಬೆಂಗಳೂರಿನಲ್ಲಿ ಗಾರೆಯವನು ಕರಣೆ ಕೆಳಗಿಟ್ಟ ದಿನವೇ ಶಹಾಬಾದಿನ ಗಣಿಯಲ್ಲಿ ಉಳಿಯ ಸದ್ದೂ ನಿಂತಿತು. ಹೊಳಪಿನ ಟೈಲುಗಳ ಪೈಪೋಟಿಯಲ್ಲಿ ಫರಸಿಯ ವ್ಯಾಪಾರ ಮೊದಲೇ ಬಡವಾಗಿತ್ತು. ಇದು ಗಾಯದ ಮೇಲಿನ ಬರೆಯಾಯಿತು. ವಿಚಿತ್ರವೆಂದರೆ, ಬೇಡಿಕೆ ಬಿದ್ದರೂ ದಕ್ಷಿಣದಲ್ಲಿ ಸಿಮೆಂಟಿನ ಬೆಲೆ ಮೇ ತಿಂಗಳಲ್ಲಿ ಏರಿತು. ಅರ್ಧ ಗೋಡೆ ಎಬ್ಬಿಸಿ ನಿಂತಿದ್ದ ಸಣ್ಣ ಗೃಹಸ್ಥನು ಕೈಚೆಲ್ಲಿ ಕುಳಿತನು.

ಸರ್ಕಾರಗಳು ಸುಮ್ಮನಿರಲಿಲ್ಲ. ವಲಸೆ ಕೂಲಿಕಾರರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದು, ಮನೆ ಬಿಡಿಸಬಾರದು ಎಂದು ಕೇಂದ್ರ ಗೃಹಸಚಿವಾಲಯ ಮಾರ್ಚ್ 29ರಂದು ಆಜ್ಞೆ ಹೊರಡಿಸಿತು. ರಿಜರ್ವ್ ಬ್ಯಾಂಕು ಸಾಲದ ಕಂತುಗಳಿಗೆ ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್ 31ರವರೆಗೆ ಬಿಡುವು ಕೊಟ್ಟಿತು. ತನ್ನ ಬಡ್ಡಿದರವನ್ನು ಶೇಕಡಾ 5.15ರಿಂದ ಎರಡು ತಿಂಗಳೊಳಗೆ 4ಕ್ಕೆ ಇಳಿಸಿತು. ರಾಜ್ಯವು ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಮೊದಲು 2,000 ರೂಪಾಯಿ, ಮೇ 6ರ ಘೋಷಣೆಯಂತೆ ಮತ್ತೆ 3,000 ರೂಪಾಯಿ ನೀಡಿತು. ಹೊಸ ಫ್ಲ್ಯಾಟುಗಳ ಮೊದಲ ನೋಂದಣಿಗೆ ಮುದ್ರಾಂಕ ಶುಲ್ಕ ಶೇಕಡಾ 5 ಇದ್ದುದನ್ನು 20 ಲಕ್ಷ ರೂಪಾಯಿಯೊಳಗಿನವಕ್ಕೆ 2ಕ್ಕೂ, 35 ಲಕ್ಷದವರೆಗಿನವಕ್ಕೆ 3ಕ್ಕೂ ತಗ್ಗಿಸಿತು. 2022ರ ಮೊದಲ ಮೂರು ತಿಂಗಳು ಆಸ್ತಿಗಳ ಮಾರ್ಗಸೂಚಿ ಬೆಲೆಯನ್ನೇ ಶೇಕಡಾ 10ರಷ್ಟು ಇಳಿಸಿತು.

ಈ ಕ್ರಮಗಳು ಒಳ್ಳೆಯವೇ. ಆದರೆ ಯಾರಿಗೆ ಮುಟ್ಟಿದವು ಎಂದು ಕೇಳುವುದು ಇತಿಹಾಸಕಾರನ ಕರ್ತವ್ಯ. ಸೇಡಂ, ವಾಡಿಗಳಲ್ಲಿ ಜನರು ಹೆಚ್ಚಾಗಿ ಪ್ಲಾಟು ಕೊಂಡು ತಾವೇ ಮನೆ ಕಟ್ಟಿಸುವವರು. ಫ್ಲ್ಯಾಟಿನ ರಿಯಾಯಿತಿ ಬಹುಮಟ್ಟಿಗೆ ಬೆಂಗಳೂರಿನದಾಯಿತು. ಸಾಲದ ಕಂತಿಗೆ ಬಿಡುವು ಸಿಕ್ಕಿದ್ದು ಬ್ಯಾಂಕು ಸಾಲ ಕೊಟ್ಟವನಿಗೆ. ಊರ ಸಾಹುಕಾರನ ಸಾಲಕ್ಕೆ ಬಿಡುವಿರಲಿಲ್ಲ. ಆಗ ಜಾರಿಯಲ್ಲಿದ್ದ ಕಟ್ಟಡ ಕಾರ್ಮಿಕರ 1996ರ ಕಾಯಿದೆಯು ಗಣಿ ಕಾಯಿದೆಗೆ ಒಳಪಟ್ಟ ಕೆಲಸವನ್ನು ಹೊರಗಿಟ್ಟಿತ್ತು. ಆದ್ದರಿಂದ ಫರಸಿ ಹಾಸುವವನಿಗೆ ಪರಿಹಾರದ ಪಟ್ಟಿಯಲ್ಲಿ ಸ್ಥಳವಿತ್ತು. ಅದೇ ಫರಸಿಯನ್ನು ನೆಲದಿಂದ ಎಬ್ಬಿಸುವವನಿಗೆ ಆ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. ಬಾಡಿಗೆಯ ಆಜ್ಞೆಯಲ್ಲಿಯೂ ಎರಡು ಮುಖಗಳಿದ್ದವು. ನಮ್ಮ ಓಣಿಯ ವಿಧವೆಯೊಬ್ಬರಿಗೆ ಎರಡು ಖೋಲಿಗಳ ಬಾಡಿಗೆಯೇ ಜೀವನಾಧಾರ. ಬಾಡಿಗೆದಾರನಲ್ಲಿ ಕೇಳಲು ಅವರಿಗೆ ಮನಸ್ಸಿಲ್ಲ, ಕೇಳದೆ ಇರಲು ಗತಿಯಿಲ್ಲ. 'ಅವಂದೂ ಖರೆ, ನಂದೂ ಖರೆ' ಎಂದು ಅವರು ಹೇಳಿದ ಮಾತಿಗೆ ಯಾವ ಆಜ್ಞೆಯಲ್ಲಿಯೂ ಉತ್ತರವಿರಲಿಲ್ಲ.

ಮೇ 5ರಂದು ಬೆಂಗಳೂರಿನಲ್ಲಿ ನಡೆದುದನ್ನೂ ಇಲ್ಲಿ ನೆನೆಯಬೇಕು. ಕಟ್ಟಡ ನಿರ್ಮಾಪಕರು ಮುಖ್ಯಮಂತ್ರಿಗಳನ್ನು ಕಂಡ ಬೆನ್ನಲ್ಲೇ, ಕೂಲಿಕಾರರನ್ನು ಅವರವರ ರಾಜ್ಯಗಳಿಗೆ ಒಯ್ಯಬೇಕಾಗಿದ್ದ ವಿಶೇಷ ರೈಲುಗಳನ್ನು ರಾಜ್ಯ ಸರ್ಕಾರ ರದ್ದುಪಡಿಸಿತು. ಟೀಕೆ ಬಂದ ಮೇಲೆ ಎರಡೇ ದಿನಗಳಲ್ಲಿ ನಿರ್ಧಾರ ಬದಲಾಯಿಸಿತು. ಮನೆ ಕಟ್ಟುವ ಉದ್ಯಮಕ್ಕೆ ಕೂಲಿಕಾರನು ಎಷ್ಟು ಅಗತ್ಯವೆಂಬುದು ಆ ಎರಡು ದಿನಗಳಲ್ಲಿ ಬೆಳಕಿಗೆ ಬಂದಿತು. ಅವನಿಗೂ ಒಂದು ಮನೆಯುಂಟು, ಅಲ್ಲಿ ಅವನ ದಾರಿ ನೋಡುವವರುಂಟು ಎಂಬುದು ಸ್ವಲ್ಪ ತಡವಾಗಿ ನೆನಪಾಯಿತು.

ಇತ್ತ ಮುಂಬಯಿ, ಪುಣೆಗಳಿಗೆ ದುಡಿಯಲು ಹೋಗಿದ್ದ ಚಿಂಚೋಳಿ, ಚಿತ್ತಾಪುರ, ಸೇಡಂ ತಾಲೂಕುಗಳ ತಾಂಡಾದ ಜನ ಮರಳತೊಡಗಿದರು. ಶಾಲೆ, ವಸತಿನಿಲಯಗಳು ಅವರ ತಂಗುದಾಣಗಳಾದವು. ನಮ್ಮ ಶಾಲೆಯ ಕೋಣೆಗಳಲ್ಲಿಯೂ ಬೆಂಚುಗಳನ್ನು ಸರಿಸಿ ಚಾಪೆ ಹಾಸಿದರು. ನಾನು ಸಂಧಿ ಸಮಾಸ ಬರೆಯುತ್ತಿದ್ದ ಕರಿಹಲಗೆಯ ಮೇಲೆ ಊಟದ ಹೊತ್ತನ್ನು ಬರೆದಿದ್ದರು. ಊರಿನಲ್ಲಿ ಅವರಿಗೆ ಕೈಕೊಟ್ಟದ್ದು ಉದ್ಯೋಗ ಖಾತರಿಯ ಕೆಲಸ. ಆ ವರ್ಷ ಅದರ ದಿನಗೂಲಿ 275 ರೂಪಾಯಿ.

ಮಾರ್ಚಿನಲ್ಲಿ ನಡೆಯಬೇಕಾಗಿದ್ದ ಎಸ್.ಎಸ್.ಎಲ್.ಸಿ. ಪರೀಕ್ಷೆ ಜೂನ್ 25ರಂದು ಆರಂಭವಾಯಿತು. ಪರೀಕ್ಷೆ ಮುಗಿಸಿ ಹೊರಬಂದ ಹುಡುಗನೊಬ್ಬ, ಗಣಿ ಕೆಲಸದವನ ಮಗ, ಗೇಟಿನ ಬಳಿ ನನ್ನನ್ನು ಕೇಳಿದ: 'ಸರ, ಮನ್ಯಾಗ ಇರ್ರಿ ಅಂತ ರೇಡಿಯೋದಾಗ ಹೇಳ್ತಾರ. ಬಾಡಿಗಿ ಕೊಡ್ಲಿಕ್ಕ ರೊಕ್ಕಿಲ್ದವ್ರು ಎಲ್ಲಿರ್ಬೇಕ್ರಿ?' ಮೂವತ್ತು ವರ್ಷ ಪ್ರಶ್ನೆಪತ್ರಿಕೆ ತಯಾರಿಸಿದ ನನಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ.

ಅನಂತರದ ಎರಡು ವರ್ಷಗಳು ಆ ಪ್ರಶ್ನೆಯನ್ನು ಇನ್ನೂ ಗಟ್ಟಿಯಾಗಿ ಕೇಳಿದವು. 2020ರ ಅಕ್ಟೋಬರ್‌ನಲ್ಲಿ ಕಾಗಿಣಾ, ಭೀಮಾ ನದಿಗಳು ಉಕ್ಕಿ ದಡದ ಮನೆಗಳಿಗೆ ನೀರು ನುಗ್ಗಿತು. ಮಣ್ಣಿನ ಗೋಡೆಗಳು ಕುಸಿದವು. ಮರುವರ್ಷ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ಭೂಮಿ ಮೇಲಿಂದ ಮೇಲೆ ನಡುಗಿತು. ಜನ ಮನೆಯೊಳಗೆ ಮಲಗಲು ಹೆದರಿ ಬಯಲಿನಲ್ಲಿ ರಾತ್ರಿ ಕಳೆದರು, ಅನೇಕರು ಊರು ಬಿಟ್ಟರು. ಒಂದು ವರ್ಷ ಮನೆಯಿಂದ ಹೊರಬರಬೇಡಿ ಎಂದು ಕೇಳಿಸಿಕೊಂಡವರು ಮರುವರ್ಷ ಮನೆಯೊಳಗೆ ಹೋಗಲಾರದಾದರು.

ಉತ್ತರದ ಒಂದು ಎಳೆ ದೊರೆತದ್ದು 2023ರ ಜನವರಿ 19ರಂದು, ಅದೂ ಮಳಖೇಡದಲ್ಲಿ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳ ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಸಾರಿ, ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯವನ್ನು ಪ್ರಧಾನಮಂತ್ರಿಗಳು ಅಲ್ಲಿ ನೆರವೇರಿಸಿದರು. ಪಡೆದವರಲ್ಲಿ ಬಹುಪಾಲು ಲಂಬಾಣಿ ತಾಂಡಾಗಳ ಜನ. ತಲೆಮಾರುಗಳಿಂದ ಇದ್ದ ಮನೆ ಅಂದು ಕಾಗದದ ಮೇಲೆಯೂ ಅವರದಾಯಿತು. ಕಾಗದವಿಲ್ಲದ ಮನೆಗೆ ಬ್ಯಾಂಕಿನ ಸಾಲ ಸಿಕ್ಕುವುದು ಕಷ್ಟ, ಕುಸಿದರೆ ಪರಿಹಾರ ಪಡೆಯುವುದೂ ಕಷ್ಟ. ಆದಕಾರಣ ಇದು ಸಣ್ಣ ಸಂಗತಿಯಲ್ಲ.

ಆದರೂ ಬಾಡಿಗೆ ಖೋಲಿಯ ಗಣಿಗಾರನ ಮಗನಿಗೆ ಇನ್ನೂ ಉತ್ತರ ಬಾಕಿಯಿದೆ. 1898ರ ಪ್ಲೇಗು ಬೆಂಗಳೂರಿಗೆ ಅಗಲ ಬೀದಿಗಳ ಬಡಾವಣೆಗಳನ್ನು ಕೊಟ್ಟು ಹೋಯಿತು. 2020ರ ರೋಗವು ಈ ಕಲ್ಲಿನ ನಾಡಿಗೆ ಏನು ಕೊಟ್ಟಿತು ಎಂದು ಮುಂದೊಬ್ಬ ಉಪಾಧ್ಯಾಯನು ಬರೆಯುವಾಗ, ಊರ ಮನೆಗಳಿಗೆಲ್ಲ ಫರಸಿ ಹಾಸಿಕೊಟ್ಟವರ ಮನೆಯ ನೆಲವೂ ಮಣ್ಣಿನದಾಗಿ ಉಳಿಯಲಿಲ್ಲ ಎಂದು ಬರೆಯುವಂತಾಗಲಿ.