ಬೋಜಾರಿನ ಬಾಗಿಲು ಮತ್ತು ಚಿಕ್ಕಪ್ಪನ ಪ್ರಶ್ನೆ

ಮೊನ್ನೆ ಭಾನುವಾರ ಬೆಳಿಗ್ಗೆ ತಿಪಟೂರಿನಿಂದ ಚಿಕ್ಕಪ್ಪ ಫೋನ್ ಮಾಡಿದ್ದರು. ಅವರು ಫೋನ್ ಮಾಡಿದರೆ ಸಾಮಾನ್ಯವಾಗಿ ಒಂದೋ ಕೊಬ್ಬರಿ ರೇಟಿನ ವಿಷಯ, ಇಲ್ಲವೇ ನನ್ನ ಮದುವೆ ವಿಷಯ. ಈ ಸಲ ಎರಡೂ ಅಲ್ಲ.

"ನೋಡೋ, ನೀನು ಇಂಜಿನಿಯರಿಂಗ್ ಓದ್ದೋನು. ನಿನ್ ತಂಗಿಗೆ ಸ್ವಲ್ಪ ಬುದ್ಧಿ ಹೇಳು. ಪ್ಯಾರಿಸ್ಸಿಗೆ ಹೋಗಿ ಚಿತ್ರ ಬರೆಯೋದು ಕಲೀತಾಳಂತೆ. ಅಲ್ಲಾ, ಚಿತ್ರ ಬರೆಯೋಕೆ ಅಲ್ಲೀತನಕ ಯಾಕೋ ಹೋಗಬೇಕು?"

ತಂಗಿ ಅಂದರೆ ಚಿಕ್ಕಪ್ಪನ ಮಗಳು. ಬೆಂಗಳೂರಿನಲ್ಲಿ ಬಿ.ವಿ.ಎ. ಮುಗಿಸಿದ್ದಾಳೆ. ಎರಡು ತಿಂಗಳಿಂದ ಅವಳ ರೂಮಿನ ತುಂಬ ಕ್ಯಾನ್ವಾಸು, ಅರ್ಜಿ, ಫ್ರೆಂಚ್ ಪಾಠದ ಪುಸ್ತಕ. ನನಗೂ ಅರ್ಜಿಗಳಿಗೂ ಹಳೇ ನಂಟು. ಎಂ.ಎಸ್. ಮಾಡಲು ಅಮೆರಿಕಕ್ಕೆ ಹೋದ ಐದಾರು ಗೆಳೆಯರಿಗೆ ಎಸ್.ಓ.ಪಿ. ಬರೆದುಕೊಟ್ಟವನು ನಾನೇ. "ಚಿಕ್ಕಂದಿನಿಂದಲೂ ನನಗೆ ಕಂಪ್ಯೂಟರ್ ಎಂದರೆ ಪ್ರಾಣ" ಎಂಬ ಒಂದೇ ಸುಳ್ಳನ್ನು ಐದಾರು ರೀತಿಯಲ್ಲಿ ಬರೆದಿದ್ದೇನೆ :) ನಿಜ ಹೇಳಬೇಕೆಂದರೆ ಚಿಕ್ಕಂದಿನಲ್ಲಿ ನನಗೆ ಪ್ರಾಣ ಅನ್ನಿಸಿದ್ದು ಚಿತ್ರ ಬರೆಯುವುದು. ಸಿ.ಇ.ಟಿ. ರ‍್ಯಾಂಕು ಬಂತು, ಅದು ನೋಟ್‌ಬುಕ್ಕಿನ ಅಂಚಿನಲ್ಲೇ ಉಳಿಯಿತು. ಇರಲಿ, ಅದು ಬೇರೆ ಕಥೆ.

ಚಿಕ್ಕಪ್ಪನ ಪ್ರಶ್ನೆ ಮಾತ್ರ ತಲೆಯಲ್ಲೇ ಕೂತಿತು. ಚಿತ್ರ ಬರೆಯೋಕೆ ಅಲ್ಲೀತನಕ ಯಾಕೆ ಹೋಗಬೇಕು? ಇದನ್ನು ಮೊದಲು ಯಾರು ಯಾರಿಗೆ ಕೇಳಿದ್ದಿರಬಹುದು ಅಂತ ಹುಡುಕುತ್ತಾ ಹೋದವನು 1866ರ ಪ್ಯಾರಿಸ್ಸಿಗೆ ಹೋಗಿ ನಿಂತೆ.

ಆಗ ಜಗತ್ತಿನಲ್ಲಿ ಚಿತ್ರ ಕಲಿಯುವವರೆಲ್ಲ ಬಾಯಿ ಬಿಡುತ್ತಿದ್ದ ಶಾಲೆಯೆಂದರೆ ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್. ಫ್ರೆಂಚ್ ಸರ್ಕಾರದ ಲಲಿತಕಲಾ ಶಾಲೆ. (ಬೋಜಾರ್, ಬೇಜಾರ್ ಅಲ್ಲ. ಆದರೆ ಅರ್ಜಿ ಹಾಕಿದವರ ಕಥೆ ಕೇಳಿದರೆ ಎರಡಕ್ಕೂ ಸಂಬಂಧ ಇದೆಯೇನೋ ಅನ್ನಿಸುತ್ತದೆ.) ಅದುವರೆಗೆ ಅಲ್ಲಿ ಕಲಿಸುತ್ತಿದ್ದದ್ದು ರೇಖಾಚಿತ್ರ ಮಾತ್ರ. ಬಣ್ಣ ಕಲಿಯಬೇಕಾದರೆ ಹೊರಗೆ ಯಾವುದಾದರೂ ಕಲಾವಿದರ ಖಾಸಗಿ ಸ್ಟುಡಿಯೋಗೆ ಹೋಗಬೇಕಿತ್ತು. 1863ರಲ್ಲಿ ಸರ್ಕಾರ ಪದ್ಧತಿ ಬದಲಿಸಿ, ಶಾಲೆಯೊಳಗೇ ವರ್ಣಚಿತ್ರದ ಸ್ಟುಡಿಯೋಗಳನ್ನು ತೆರೆಯಿತು. ಅವುಗಳಲ್ಲಿ ಒಂದರ ಗುರು ಜೆರೋಮ್, ಆ ಕಾಲದ ದೊಡ್ಡ ಹೆಸರು. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ಪಾಠಕ್ಕೆ ಫೀಸು ಇರಲಿಲ್ಲ, ವಿದೇಶಿಯರಿಗೂ ಇರಲಿಲ್ಲ!

ಆ ವರ್ಷ ಅಮೆರಿಕದಿಂದ ಇಬ್ಬರು ಪ್ಯಾರಿಸ್ಸಿಗೆ ಬಂದರು. ಒಬ್ಬ ಥಾಮಸ್ ಏಕಿನ್ಸ್, ಇನ್ನೊಬ್ಬಳು ಮೇರಿ ಕಸಾಟ್. ಇಬ್ಬರೂ ಹುಟ್ಟಿದ್ದು 1844ರಲ್ಲಿ, ಇಬ್ಬರಿಗೂ ಇಪ್ಪತ್ತೆರಡು. ಇಬ್ಬರೂ ಫಿಲಡೆಲ್ಫಿಯಾದ ಒಂದೇ ಕಲಾ ಅಕಾಡೆಮಿಯಲ್ಲಿ ಕಲಿತವರು. ಇಬ್ಬರಿಗೂ ಬೇಕಿದ್ದ ಗುರು ಜೆರೋಮ್.

ಏಕಿನ್ಸ್ ಬಂದ ಮೇಲೆ ಗೊತ್ತಾಗಿದ್ದೇನೆಂದರೆ ಕೈಚಳಕ ಒಂದೇ ಸಾಲದು, ಕಾಗದಪತ್ರ ಬೇಕು. ವಿದೇಶಿಯನಾದರೆ ತನ್ನ ದೇಶದ ರಾಯಭಾರಿಯ ಪತ್ರ ಬೇಕು, ಗುರುವಿನ ಒಪ್ಪಿಗೆ ಬೇಕು, ಅದರ ಮೇಲೆ ಫ್ರೆಂಚ್ ಅಧಿಕಾರಿಗಳ ಅನುಮತಿ ಬೇಕು. ಸಾಲದ್ದಕ್ಕೆ ಅಮೆರಿಕನ್ನರನ್ನು ಸೇರಿಸಿಕೊಳ್ಳಲು ಶಾಲೆಗೆ ಆಗ ಮನಸ್ಸೇ ಇರಲಿಲ್ಲ. ಏಕಿನ್ಸ್ ಸುಮ್ಮನೆ ಕೂರಲಿಲ್ಲ. ಆಫೀಸಿನಿಂದ ಆಫೀಸಿಗೆ ಅಲೆದ, ಗುಮಾಸ್ತರ ಮುಂದೆ ಕಾದ, ತನಗೆ ಬರುತ್ತಿದ್ದ ಅಷ್ಟಿಷ್ಟು ಫ್ರೆಂಚಿನಲ್ಲೇ ವಾದಿಸಿದ. ನಮ್ಮ ತಾಲ್ಲೂಕು ಆಫೀಸಿನಲ್ಲಿ ಪಹಣಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗೆ ಅಕ್ಟೋಬರಿನಲ್ಲಿ ಅವನಿಗೂ ಅವನ ಜೊತೆಗಿದ್ದ ಕೆಲವು ಅಮೆರಿಕನ್ನರಿಗೂ ಬಾಗಿಲು ತೆರೆಯಿತು. ಅವರಲ್ಲಿ ಹ್ಯಾರಿ ಮೂರ್ ಎಂಬ ಕಿವುಡ ಹುಡುಗನೂ ಇದ್ದ. ಏಕಿನ್ಸ್ ಅವನ ಜೊತೆ ಕೈಸನ್ನೆಯಲ್ಲಿ ಮಾತಾಡುತ್ತಿದ್ದ.

ಒಳಗೆ ಹೋದ ಮೇಲೂ ತಕ್ಷಣ ಬಣ್ಣ ಸಿಗಲಿಲ್ಲ. ತಿಂಗಳುಗಟ್ಟಲೆ ಎದುರಿಗೆ ನಿಂತ ಬೆತ್ತಲೆ ರೂಪದರ್ಶಿಯನ್ನು ನೋಡಿ ರೇಖೆಯಲ್ಲೇ ಬರೆಯಬೇಕು. ಬ್ರಶ್ಶು ಕೈಗೆ ಬಂದದ್ದು 1867ರಲ್ಲಿ. ಈ ರೂಪದರ್ಶಿಯ ಪಾಠವೇ ಶಾಲೆಯ ಬೆನ್ನೆಲುಬು. ಚಿಕ್ಕಪ್ಪನ "ಯಾಕೆ ಹೋಗಬೇಕು" ಎಂಬ ಪ್ರಶ್ನೆಗೆ 1866ರ ಉತ್ತರ ಇದೇ: ದಿನಾ ಎದುರಿಗೆ ರೂಪದರ್ಶಿ, ತಪ್ಪು ತಿದ್ದಲು ಗುರು, ಅದೇ ಊರಲ್ಲಿ ನಕಲು ಮಾಡಿ ಕಲಿಯಲು ಲೂವ್ರ್ ಮ್ಯೂಸಿಯಂ, ಬರೆದದ್ದನ್ನು ಒರೆಗೆ ಹಚ್ಚಲು ವರ್ಷಕ್ಕೊಮ್ಮೆಯ ಸಲೋನ್ ಪ್ರದರ್ಶನ. ಇಷ್ಟೂ ಒಂದೇ ಕಡೆ ಸಿಗುತ್ತಿದ್ದದ್ದು ಪ್ಯಾರಿಸ್ಸಿನಲ್ಲಿ.

ಈಗ ಮೇರಿಯ ಕಥೆಗೆ ಬರೋಣ. ಅವಳು ಯಾವ ಆಫೀಸಿಗೂ ಅಲೆಯಲಿಲ್ಲ, ಯಾಕೆಂದರೆ ಅಲೆದು ಪ್ರಯೋಜನವೇ ಇರಲಿಲ್ಲ. ಬೋಜಾರಿಗೆ ಹೆಂಗಸರು ಅರ್ಜಿ ಹಾಕುವ ಹಾಗೇ ಇರಲಿಲ್ಲ. ಗಂಡಸರ ನಡುವೆ ಕೂತು ಬೆತ್ತಲೆ ರೂಪದರ್ಶಿಯನ್ನು ನೋಡಿ ಹೆಂಗಸು ಚಿತ್ರ ಬರೆಯುವುದು ಮರ್ಯಾದೆಯಲ್ಲ ಎನ್ನುವುದು ಕಾರಣ. ಮೇರಿ ದುಡ್ಡು ಕೊಟ್ಟು ಅದೇ ಜೆರೋಮ್ ಹತ್ತಿರ ಖಾಸಗಿಯಾಗಿ ಪಾಠ ಹೇಳಿಸಿಕೊಂಡಳು. ಲೂವ್ರ್‌ನಲ್ಲಿ ನಕಲು ಮಾಡಲು ಪರವಾನಗಿ ತೆಗೆದುಕೊಂಡು ಹಳೇ ಚಿತ್ರಗಳ ಮುಂದೆ ಕೂತಳು. ಗುರು ಒಬ್ಬನೇ, ಊರೂ ಒಂದೇ, ವರ್ಷವೂ ಅದೇ. ಒಬ್ಬನಿಗೆ ಪುಕ್ಕಟೆ, ಇನ್ನೊಬ್ಬಳಿಗೆ ಫೀಸು! ಮೇರಿಯ ಅಪ್ಪ ಅನುಕೂಲಸ್ಥರಾಗಿದ್ದಕ್ಕೆ ಅದು ನಡೆಯಿತು. ಅಷ್ಟು ಅನುಕೂಲ ಇಲ್ಲದ ಎಷ್ಟು ಹುಡುಗಿಯರು ಹಡಗು ಹತ್ತದೇ ಉಳಿದರೋ, ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. 1868ರಲ್ಲೇ ಮೇರಿಯ ಚಿತ್ರ ಸಲೋನ್ ಪ್ರದರ್ಶನಕ್ಕೆ ಆಯ್ಕೆಯಾಯಿತು. ಮುಂದೆ ಅವಳು ಇಂಪ್ರೆಷನಿಸ್ಟರ ಗುಂಪು ಸೇರಿದಳು. 1904ರಲ್ಲಿ ಫ್ರಾನ್ಸ್ ಸರ್ಕಾರ ಅವಳಿಗೆ ಲೀಜನ್ ಆಫ್ ಆನರ್ ಕೊಟ್ಟಿತು.

ಹೊರಗೆ ಉಳಿದ ಹೆಂಗಸರಿಗೆ ದಾರಿ ಮಾಡಿಕೊಟ್ಟದ್ದು ಅಕಾದೆಮಿ ಜೂಲಿಯಾನ್ ಎಂಬ ಖಾಸಗಿ ಶಾಲೆ, 1868ರಲ್ಲಿ ಶುರುವಾದದ್ದು. ಅಲ್ಲಿ ಪ್ರವೇಶ ಪರೀಕ್ಷೆ ಇಲ್ಲ, ವಿದೇಶಿಯರಿಗೆ ತಡೆ ಇಲ್ಲ, ಹೆಂಗಸರಿಗೂ ಜಾಗ ಇದೆ. ಆದರೆ ಹೆಂಗಸರಿಗೆ ಫೀಸು ಗಂಡಸರಿಗಿಂತ ಜಾಸ್ತಿ. 1877ರಲ್ಲಿ ಅಲ್ಲಿಗೆ ಸೇರಿದ ಮಾರಿ ಬಶ್ಕಿರ್ತ್ಸೆಫ್ ಎಂಬ ಹುಡುಗಿ ಈಗಿನ ಉಕ್ರೇನಿನವಳು. ಬೋಜಾರ್ ಹೆಂಗಸರನ್ನು ಯಾಕೆ ಸೇರಿಸಿಕೊಳ್ಳುವುದಿಲ್ಲ ಅಂತ 1881ರಲ್ಲಿ ಬೇರೆ ಹೆಸರಿಟ್ಟುಕೊಂಡು ಪತ್ರಿಕೆಯಲ್ಲಿ ಬರೆದಳು. ಮೂರು ವರ್ಷಕ್ಕೆ ಕ್ಷಯ ಅವಳನ್ನು ತಿಂದು ಹಾಕಿತು. ಇಪ್ಪತ್ತೈದು ವರ್ಷ ವಯಸ್ಸು. ಅದೇ 1881ರಲ್ಲಿ ಶಿಲ್ಪಿ ಎಲೆನ್ ಬೆರ್ತೋ ಮಹಿಳಾ ಕಲಾವಿದರ ಸಂಘ ಕಟ್ಟಿ ಹೋರಾಟ ಶುರುಮಾಡಿದರು. 1897ರಲ್ಲಿ ಬೋಜಾರ್ ಕೊನೆಗೂ ಹೆಂಗಸರಿಗೆ ಬಾಗಿಲು ತೆರೆಯಿತು. ಮೊದಲ ಹುಡುಗಿಯರು ಒಳಗೆ ಬಂದಾಗ ಹುಡುಗರು ಎಬ್ಬಿಸಿದ ಗಲಾಟೆಗೆ ಶಾಲೆಯನ್ನೇ ಕೆಲಕಾಲ ಮುಚ್ಚಬೇಕಾಯಿತಂತೆ!

ಆ ಬಾಗಿಲಿನಿಂದ ಮುಂದೆ ಒಳಗೆ ಹೋದವರಲ್ಲಿ ಒಬ್ಬರು ನಮಗೆಲ್ಲ ಗೊತ್ತು. ಅಮೃತಾ ಶೇರ್‌ಗಿಲ್. ಅಪ್ಪ ಪಂಜಾಬಿನವರು, ಅಮ್ಮ ಹಂಗೇರಿಯವರು. 1929ರಲ್ಲಿ ಹದಿನಾರರ ಹುಡುಗಿಯಾಗಿ ಪ್ಯಾರಿಸ್ಸಿಗೆ ಬಂದರು, ಬೋಜಾರಿನಲ್ಲಿ ಲೂಸಿಯಾನ್ ಸಿಮೋನ್ ಬಳಿ 1934ರವರೆಗೆ ಕಲಿತರು. 1932ರಲ್ಲಿ ಬರೆದ 'ಯಂಗ್ ಗರ್ಲ್ಸ್' ಚಿತ್ರಕ್ಕೆ ಮರುವರ್ಷ ಸಲೋನಿನಲ್ಲಿ ಚಿನ್ನದ ಪದಕ ಬಂತು. ಆಕೆ ಆ ಶಾಲೆಗೆ ಸೇರುವ ಹೊತ್ತಿಗೆ ಹೆಂಗಸರಿಗೆ ಬಾಗಿಲು ತೆರೆದು ಬರೀ ಮೂವತ್ತಮೂರು ವರ್ಷವಾಗಿತ್ತು. ನನಗೆ ಈ ಲೆಕ್ಕ ಸಿಕ್ಕಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ನಮ್ಮವರ ವಿಷಯಕ್ಕೆ ಬಂದರೆ, ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು. ಹುಟ್ಟಿದ್ದು 1911ರಲ್ಲಿ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿ, ಹೆಸರು ಮಾಡಿದ ಮೇಲೆ, 1949ರಲ್ಲಿ ಪ್ಯಾರಿಸ್ಸಿಗೆ ಹೋಗಿ ಮತ್ತೆ ವಿದ್ಯಾರ್ಥಿಯಾಗಿ ಕೂತರು. ಎಲ್ಲಿ ಅಂತೀರಿ? ಹಿಂದೆ ಹೆಂಗಸರಿಗೂ ವಿದೇಶಿಯರಿಗೂ ಜಾಗ ಕೊಟ್ಟಿದ್ದ ಅದೇ ಅಕಾದೆಮಿ ಜೂಲಿಯಾನ್‌ನಲ್ಲಿ! ಆಗ ಅವರಿಗೆ ಮೂವತ್ತೆಂಟು. ನನ್ನ ವಯಸ್ಸಿನವರು "ಇನ್ನೇನು ಆಯ್ತು ಬಿಡಿ" ಅನ್ನುವಾಗ ಈ ಮೂವತ್ತೆಂಟು ನೆನಪಿಟ್ಟುಕೊಳ್ಳಬೇಕು.

ಮರುವರ್ಷ, ಅಂದರೆ 1950ರಲ್ಲಿ, ಎಸ್.ಎಚ್. ರಝಾ ಫ್ರೆಂಚ್ ಸರ್ಕಾರದ ಸ್ಕಾಲರ್‌ಶಿಪ್ಪಿನಲ್ಲಿ ಬೋಜಾರಿಗೇ ಹೋದರು. ಅದಕ್ಕೆ ಎರಡು ವರ್ಷ ಮೊದಲು ಕಾಶ್ಮೀರದಲ್ಲಿ ಅವರಿಗೆ ಸಿಕ್ಕಿದ ಛಾಯಾಗ್ರಾಹಕ ಕಾರ್ಟಿಯೇ-ಬ್ರೆಸ್ಸೋನ್, ನಿನ್ನ ಚಿತ್ರದಲ್ಲಿ ಪ್ರತಿಭೆ ಇದೆ, ಕಟ್ಟುವಿಕೆ ಇಲ್ಲ, ಸೆಜಾನನನ್ನು ನೋಡು ಅಂದಿದ್ದರಂತೆ. ರಝಾ ಮುಂಬಯಿಗೆ ಬಂದು ಮಾಡಿದ ಕೆಲಸ, ಫ್ರೆಂಚ್ ಕ್ಲಾಸಿಗೆ ಸೇರಿದ್ದು. ಪುಸ್ತಕದಲ್ಲಿ ಅಚ್ಚಾದ ಸೆಜಾನನನ್ನು ನೋಡುವುದೇ ಬೇರೆ, ಗೋಡೆಯ ಮೇಲಿನ ನಿಜವಾದ ಸೆಜಾನನೇ ಬೇರೆ. ತಂಗಿಯ ಟೇಬಲ್ಲಿನ ಮೇಲಿದ್ದ ಫ್ರೆಂಚ್ ಪುಸ್ತಕ ಆಗ ನೆನಪಾಯಿತು.

ಹೋದವರೆಲ್ಲ ಏನಾದರು? ಒಂದೇ ಉತ್ತರ ಇಲ್ಲ. ಹೆಬ್ಬಾರರು ಬೇಗ ವಾಪಸ್ ಬಂದರು. ಶೇರ್‌ಗಿಲ್ ಕೂಡ ಬಂದು, 1937ರಲ್ಲಿ ದಕ್ಷಿಣ ಭಾರತ ಸುತ್ತಿದ ಮೇಲೆ ತಮ್ಮ ಒಳ್ಳೆಯ ಚಿತ್ರಗಳನ್ನು ಬರೆದರು. 28ಕ್ಕೇ ತೀರಿಕೊಂಡರು. ರಝಾ ಅಲ್ಲೇ ಉಳಿದು, ಅರವತ್ತು ವರ್ಷದ ನಂತರ 2010ರ ಕೊನೆಗೆ ಮರಳಿದರು. ಮೇರಿ ಕಸಾಟ್ ಬಹುಪಾಲು ಫ್ರಾನ್ಸಿನಲ್ಲೇ ಬಾಳಿದಳು. ಏಕಿನ್ಸ್ 1870ರಲ್ಲಿ ಫಿಲಡೆಲ್ಫಿಯಾಕ್ಕೆ ವಾಪಸ್ಸಾಗಿ, ಐದು ವರ್ಷದ ನಂತರ 'ದಿ ಗ್ರಾಸ್ ಕ್ಲಿನಿಕ್' ಬರೆದ. ಡಾಕ್ಟರೊಬ್ಬರು ವಿದ್ಯಾರ್ಥಿಗಳ ಮುಂದೆ ಶಸ್ತ್ರಚಿಕಿತ್ಸೆ ಮಾಡುತ್ತಿರುವ ದೊಡ್ಡ ಚಿತ್ರ, ಕೈಯಲ್ಲಿ ರಕ್ತ. 1876ರ ಪ್ರದರ್ಶನದವರು ಅದನ್ನು ಕಲಾವಿಭಾಗದಲ್ಲಿ ಹಾಕಲು ಒಪ್ಪದೆ, ಸೇನಾ ಆಸ್ಪತ್ರೆಯ ಮಳಿಗೆಯಲ್ಲಿ ನೇತುಹಾಕಿದರು! 1878ರಲ್ಲಿ ಅದು ಮಾರಾಟವಾದದ್ದು 200 ಡಾಲರಿಗೆ. 2006ರಲ್ಲಿ ಅದೇ ಚಿತ್ರದ ಬೆಲೆ 6.8 ಕೋಟಿ ಡಾಲರ್.

ಈ ಸಂಖ್ಯೆ ಚಿಕ್ಕಪ್ಪನಿಗೆ ಖಂಡಿತ ಹಿಡಿಸುತ್ತೆ ಅಂದುಕೊಂಡು ಸಂಜೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡರು.

"ಆದ್ರೆ ಅವನಿಗೆ ಸಿಕ್ಕಿದ್ದು ಇನ್ನೂರೇ ತಾನೇ?"

"ಹೌದು ಚಿಕ್ಕಪ್ಪ." ಮಂಡಿ ವ್ಯಾಪಾರ ಮಾಡುವವರ ಹತ್ತಿರ ಲೆಕ್ಕದಲ್ಲಿ ಗೆಲ್ಲೋಕಾಗಲ್ಲ.

"ಅವನ ಅಪ್ಪ ಏನ್ ಮಾಡ್ತಿದ್ರು?"

"ಮೇಷ್ಟ್ರು. ಮಕ್ಕಳಿಗೆ ಅಕ್ಷರ ದುಂಡಗೆ ಬರೆಯೋದು ಕಲಿಸ್ತಿದ್ರು. ಪ್ಯಾರಿಸ್ಸಿನ ಖರ್ಚೆಲ್ಲ ಅವರದ್ದೇ. ಮಗ ವಾಪಸ್ ಬಂದ ಮೇಲೂ ಅಪ್ಪನ ಮನೇಲೇ ಇದ್ದ."

ಚಿಕ್ಕಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಆ ಹುಡುಗಿಗೆ ಯಾಕೆ ಸೇರಿಸ್ಕೊಳ್ಲಿಲ್ಲ ಅಂದೆ?" ಅಂದರು. ಮತ್ತೊಮ್ಮೆ ಹೇಳಿದೆ. "ನಮ್ಮ ಹುಡುಗಿಗೆ ಈಗ ಹಂಗೇನಿಲ್ವಲ್ಲ?"

"ಇಲ್ಲ ಚಿಕ್ಕಪ್ಪ. ಈಗ ಎಲ್ಲರೂ ಅರ್ಜಿ ಹಾಕಬಹುದು."

"ಕೊನೇ ದಿನ ಯಾವತ್ತಂತೆ, ಕೇಳಿ ಹೇಳು" ಅಂದು ಫೋನ್ ಇಟ್ಟರು. ಒಪ್ಪಿದರು ಅಂತ ನಾನು ಹೇಳುತ್ತಿಲ್ಲ. ದುಡ್ಡಿನ ಮಾತು ಇನ್ನೂ ಬಾಕಿಯಿದೆ, ಚಿಕ್ಕಮ್ಮನ ಮಾತೂ ಬಾಕಿಯಿದೆ. ಸೀಟು ಸಿಗುತ್ತದೋ ಇಲ್ಲವೋ ಅದೂ ಗೊತ್ತಿಲ್ಲ.

ನಿನ್ನೆ ರಾತ್ರಿ ತಂಗಿ ತನ್ನ ಎಸ್.ಓ.ಪಿ. ಕಳಿಸಿದ್ದಳು. "ಅಣ್ಣಾ, ಸ್ವಲ್ಪ ಸರಿ ಮಾಡಿಕೊಡು" ಅಂತ. ಮೊದಲ ಸಾಲು: ಚಿಕ್ಕಂದಿನಿಂದಲೂ ನನಗೆ ಚಿತ್ರಕಲೆ ಎಂದರೆ ಪ್ರಾಣ. ನನ್ನ ಹಳೇ ಟೆಂಪ್ಲೇಟೇ! ಎಲ್ಲಿ ಸಿಕ್ಕಿತೋ ಇವಳಿಗೆ... ಅಳಿಸೋಣ ಅಂತ ಹೋದೆ. ಆಮೇಲೆ ಅನ್ನಿಸಿತು, ನಾನು ಬರೆದಾಗ ಅದು ಸುಳ್ಳಾಗಿತ್ತು, ಇವಳ ವಿಷಯದಲ್ಲಿ ನಿಜ. ಹಾಗೇ ಬಿಟ್ಟೆ. ಕಾಗುಣಿತ, ದಿನಾಂಕ, ಲಗತ್ತಿಸಬೇಕಾದ ಕಾಗದಗಳ ಪಟ್ಟಿ ಮಾತ್ರ ನೋಡುತ್ತಿದ್ದೇನೆ. ಆಫೀಸಿನಿಂದ ಆಫೀಸಿಗೆ ಅಲೆಯುವ ಕೆಲಸ ಈ ಸಲ ನನ್ನದು.

ನಿಮ್ಮಲ್ಲಿ ಯಾರಾದರೂ, ಅಥವಾ ನಿಮ್ಮ ಮನೆಯವರು ಯಾರಾದರೂ, ಹೀಗೆ ಚಿತ್ರಕಲೆಗೆ ಹೊರದೇಶಕ್ಕೆ ಅರ್ಜಿ ಹಾಕಿದ್ದರೆ ದಯವಿಟ್ಟು ತಿಳಿಸಿ. ಒಂದು ಹುಡುಗಿಗೆ ಉಪಕಾರವಾಗುತ್ತದೆ. ಅವಳ ಅಪ್ಪನಿಗೂ.